ಬಿರುಕು ಬೆಸುಗೆಯ ಪಕ್ಕದಲ್ಲೇ ಏಕೆ? ಯುಟಿವಿಗೆ ವಿಂಚ್ ಪ್ಲೇಟನ್ನು ಮನೆಯಲ್ಲೇ ಮಾಡುವವರಿಗೆ

ಪ್ರಶ್ನೆ: ನನ್ನದು ಇಬ್ಬರು ಕೂರುವ ಯುಟಿವಿ, ಅಂದರೆ ಒರಟು ದಾರಿಗೆಂದು ಮಾಡಿದ ಸಣ್ಣ ಗಾಡಿ. ಅದರ ಹಿಂದಿನ, ಸಾಮಾನು ಹೇರುವ ತೊಟ್ಟಿಯ ಪಕ್ಕದಲ್ಲಿ ಇಂಧನದ ಕ್ಯಾನ್ ಇಡಲು 6 ಮಿ.ಮೀ. ಪಟ್ಟಿಯಲ್ಲಿ ಒಂದು ಬ್ರಾಕೆಟ್ ಮಾಡಿದ್ದೆ. ಕೆಳಗಿನ ತುದಿಯನ್ನು ತೊಟ್ಟಿಯ ಫ್ರೇಮಿಗೆ ಬೋಲ್ಟ್ ಮಾಡಿ, ಮೇಲಿನ ತುದಿಯನ್ನು ರೋಲ್ ಕೇಜಿಗೆ (ಗಾಡಿ ಉರುಳಿದರೆ ಕೂತವರನ್ನು ಕಾಯುವ ಪೈಪಿನ ಪಂಜರ) ಕ್ಲಾಂಪ್ ಹಾಕಿದ್ದೆ. ಎರಡು ತಿಂಗಳಲ್ಲಿ ಬೆಸುಗೆಯ ಪಕ್ಕದಲ್ಲಿ ಬಿರುಕು ಬಿಟ್ಟಿತು. ಅದರ ಮೇಲೆ ಇನ್ನೊಂದು ಸಾಲು ವೆಲ್ಡಿಂಗ್ ಎಳೆದೆ. ಮೂರು ವಾರಕ್ಕೆ ಮತ್ತೆ ಅದೇ ಗತಿ. ಈಗ ಮುಂಭಾಗದಲ್ಲಿ 3,500 ಪೌಂಡಿನ ವಿಂಚ್ (ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ) ಕೂರಿಸುವ ಪ್ಲೇಟು ಮಾಡಬೇಕಿದೆ, ನನ್ನ ಮಾಡೆಲ್ಲಿಗೆ ಸಿದ್ಧ ಪ್ಲೇಟು ಸಿಗುತ್ತಿಲ್ಲ. ಆರ್ಕ್ ವೆಲ್ಡಿಂಗ್ ಮೆಷಿನ್, ಆಂಗಲ್ ಗ್ರೈಂಡರ್, ಡ್ರಿಲ್, ವೈಸ್ ಇವೆ. ಈ ಸಲ 8 ಮಿ.ಮೀ. ಪ್ಲೇಟು ಹಾಕಿದರೆ ಸಾಕೇ?

ಉತ್ತರ: 5 ಮಿ.ಮೀ. ಪ್ಲೇಟು ಸಾಕು. ಆದರೆ ಚಪ್ಪಟೆಯಾಗಿ ಅಲ್ಲ, ಅಂಚು ಮಡಿಸಿ. ಅದು ಏಕೆ ಎಂದು ಹೇಳಬೇಕಾದರೆ ಮೊದಲು ನಿಮ್ಮ ಹಳೆಯ ಬ್ರಾಕೆಟ್ ಏಕೆ ಮುರಿಯಿತು ಎಂಬುದನ್ನು ನೋಡಬೇಕು. ಅದನ್ನು ಬಿಟ್ಟು ಮುಂದೆ ಹೋದರೆ ಅದೇ ತಪ್ಪು ದಪ್ಪನೆಯ ಕಬ್ಬಿಣದಲ್ಲಿ ಮರುಕಳಿಸುತ್ತದೆ.

ರೋಲ್ ಕೇಜೂ ತೊಟ್ಟಿಯೂ ನೋಡುವುದಕ್ಕೆ ಒಂದೇ ಗಾಡಿಯ ಭಾಗಗಳು. ಆದರೆ ಕಲ್ಲುದಾರಿಯಲ್ಲಿ ಒಂದು ಚಕ್ರ ಮೇಲೇರಿ ಇನ್ನೊಂದು ಗುಂಡಿಗಿಳಿದಾಗ ಫ್ರೇಮು ತಿರುಚಿಕೊಳ್ಳುತ್ತದೆ, ಕೇಜು ಒಂದು ಕಡೆ ವಾಲುತ್ತದೆ, ತೊಟ್ಟಿ ತನ್ನ ಹಿಂಜಿನ ಮೇಲೆ ಅಲುಗುತ್ತದೆ. ಎರಡರ ನಡುವೆ ಕೆಲವು ಮಿಲಿಮೀಟರಿನಷ್ಟು ಸರಿದಾಟ ಸದಾ ಇರುತ್ತದೆ. ನಿಮ್ಮ ಬ್ರಾಕೆಟ್ ಆ ಎರಡಕ್ಕೂ ಕೈ ಕೊಟ್ಟು ನಿಂತಿತ್ತು. ಕ್ಯಾನಿನ ಭಾರ ಹೊರುವುದಷ್ಟೇ ಅದರ ಕೆಲಸ ಎಂದು ನೀವು ಎಣಿಸಿದ್ದಿರಿ. ಅದು ಮಾತ್ರ ಪ್ರತಿ ಕುಲುಕಿಗೂ ಕೇಜು ಮತ್ತು ತೊಟ್ಟಿಯನ್ನು ಒಟ್ಟಿಗೆ ಹಿಡಿದಿಡಲು ಹೆಣಗುತ್ತಿತ್ತು. ಇಂಥ ಕಡೆ ಬ್ರಾಕೆಟ್ ಗಟ್ಟಿಯಾದಷ್ಟೂ ಅದರ ಮೇಲೆ ಬೀಳುವ ಬಲ ಹೆಚ್ಚು. ತೆಳು ಪಟ್ಟಿಯಾಗಿದ್ದರೆ ಬಾಗಿ ತಪ್ಪಿಸಿಕೊಳ್ಳುತ್ತಿತ್ತೇನೋ. 6 ಮಿ.ಮೀ. ಪಟ್ಟಿ ಬಾಗಲಿಲ್ಲ, ಬಿರಿಯಿತು.

ಬಿರುಕು ಬೆಸುಗೆಯ ಮಧ್ಯದಲ್ಲಿ ಬಿಡದೆ ಪಕ್ಕದಲ್ಲಿ ಬಿಟ್ಟದ್ದಕ್ಕೂ ಕಾರಣವಿದೆ. ಬೆಸುಗೆಯ ಉಬ್ಬು ಎಲ್ಲಿ ಮುಗಿದು ಪಟ್ಟಿ ಎಲ್ಲಿ ಶುರುವಾಗುತ್ತದೋ, ಆ ಗೆರೆಯಲ್ಲಿ ಆಕಾರ ಥಟ್ಟನೆ ಬದಲಾಗುತ್ತದೆ. ದಪ್ಪ ಥಟ್ಟನೆ ಬದಲಾದ ಕಡೆ ಒತ್ತಡ ಬಂದು ಗುಡ್ಡೆ ಬೀಳುತ್ತದೆ. ಅಗಲವಾದ ಪ್ಲೇಟಿನಲ್ಲಿ ಒಂದು ದುಂಡನೆಯ ತೂತು ಇದ್ದರೂ ಸಾಕು, ಅದರ ಅಂಚಿನಲ್ಲಿ ಒತ್ತಡ ಸುತ್ತಲಿಗಿಂತ ಮೂರು ಪಟ್ಟಾಗುತ್ತದೆ. ಜರ್ಮನಿಯ ಎಂಜಿನಿಯರ್ ಕಿರ್ಷ್ 1898ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ದುಂಡು ತೂತಿನ ಪಾಡೇ ಇದಾದರೆ, ಬೆಸುಗೆಯ ಅಂಚಿನಲ್ಲಿ ಕಣ್ಣಿಗೆ ಕಾಣದ ಚೂಪು ಗೀರುಗಳ ಪಾಡು ಇನ್ನೂ ಕಷ್ಟ. ಅದರ ಜೊತೆಗೆ ಬೆಸುಗೆ ತಣಿಯುವಾಗ ಕುಗ್ಗಿ, ಪಕ್ಕದ ಲೋಹವನ್ನು ಎಳೆದು ಬಿಗಿ ಹಿಡಿದಿರುತ್ತದೆ. ನೀವು ಮೇಲೆ ಎಳೆದ ಎರಡನೇ ಸಾಲು ಆ ಚೂಪು ಗೆರೆಯನ್ನು ತೆಗೆಯಲಿಲ್ಲ, ಸ್ವಲ್ಪ ಆಚೆಗೆ ಸರಿಸಿತಷ್ಟೆ. ಒಳಗಿದ್ದ ಹಳೆಯ ಬಿರುಕೂ ಹಾಗೇ ಉಳಿಯಿತು.

ಹೆಚ್ಚು ಗಟ್ಟಿ ಜಾತಿಯ ಉಕ್ಕು ತಂದರೆ ಸರಿಹೋದೀತೇ ಎಂದು ಹಲವರು ಕೇಳುತ್ತಾರೆ. ಇಲ್ಲ. ಪದೇ ಪದೇ ಕುಲುಕುವ ಕಡೆ ಬೆಸೆದ ಕೀಲಿನ ಆಯುಸ್ಸು ಉಕ್ಕಿನ ಜಾತಿಯನ್ನು ಅಷ್ಟಾಗಿ ನಂಬಿಕೊಂಡಿಲ್ಲ. ಬೆಸುಗೆ ಎಲ್ಲಿದೆ, ಅದರ ಅಂಚು ಎಷ್ಟು ನಯವಾಗಿದೆ ಎಂಬುದನ್ನು ನಂಬಿಕೊಂಡಿದೆ. ಆದ್ದರಿಂದ ಮನೆಯ ಕೆಲಸಕ್ಕೆ ಸಾಮಾನ್ಯ ಮೈಲ್ಡ್ ಸ್ಟೀಲೇ ಒಳ್ಳೆಯದು. ಮುರಿಯುವ ಮುನ್ನ ಬಾಗಿ ಮುನ್ಸೂಚನೆ ಕೊಡುತ್ತದೆ, ಸಾಮಾನ್ಯ ವೆಲ್ಡಿಂಗ್ ರಾಡಿಗೇ ಸುಲಭವಾಗಿ ಬೆಸೆಯುತ್ತದೆ. ಅಲ್ಯೂಮಿನಿಯಂ ಹಗುರ ಎಂದು ಆಸೆಪಡಬೇಡಿ. ಅದರ ಬಿಗುಪು, ಅಂದರೆ ಬಾಗದೆ ನಿಲ್ಲುವ ಗುಣ, ಉಕ್ಕಿನ ಮೂರನೇ ಒಂದರಷ್ಟು. 6061-ಟಿ6 ನಂಥ ಜಾತಿಯನ್ನು ಬೆಸೆದರೆ ಶಾಖ ತಗುಲಿದ ಭಾಗ ಮೃದುವಾಗಿ, ತನ್ನ ಬಲದಲ್ಲಿ ಹೆಚ್ಚುಕಡಿಮೆ ಅರ್ಧ ಕಳೆದುಕೊಳ್ಳುತ್ತದೆ.

ಈಗ ವಿಂಚಿಗೆ ಬರೋಣ. ಕತ್ತರಿಸುವ ಮೊದಲು ಕಾಗದದ ಮೇಲೆ ಬಲದ ದಾರಿಯನ್ನು ಗೀಚಿ: ಹಗ್ಗದಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ವಿಂಚಿನ ಕಾಲಿಗೆ, ಕಾಲಿನಿಂದ ಬೋಲ್ಟಿಗೆ, ಬೋಲ್ಟಿನಿಂದ ಪ್ಲೇಟಿಗೆ, ಪ್ಲೇಟಿನಿಂದ ಚಾಸಿಯ ಪೈಪಿಗೆ. ಈ ದಾರಿ ಎಲ್ಲಿ ತಿರುಗುತ್ತದೋ, ಎಲ್ಲಿ ಕಿರಿದಾಗುತ್ತದೋ ಅಲ್ಲೇ ತೊಂದರೆ ಹುಟ್ಟುವುದು. ನಾನು ಎಷ್ಟೇ ಸಣ್ಣ ಬ್ರಾಕೆಟ್ ಮಾಡಿದರೂ ಈ ಗೀಚು ಇಲ್ಲದೆ ಗ್ರೈಂಡರ್ ಮುಟ್ಟುವುದಿಲ್ಲ.

3,500 ಪೌಂಡ್ ಎಂದರೆ ಸುಮಾರು 1,590 ಕಿಲೋ ಎಳೆತ. ಈ ಅಂಕಿ ಡ್ರಮ್ಮಿನ ಮೇಲೆ ಹಗ್ಗದ ಮೊದಲ ಪದರ ಮಾತ್ರ ಉಳಿದಿರುವಾಗಿನದು. ಪದರ ಏರಿದಂತೆ ಎಳೆತ ಇಳಿಯುತ್ತದೆ. ಆದರೂ ಪ್ಲೇಟನ್ನು ಪೂರ್ತಿ ಎಳೆತಕ್ಕೇ ಲೆಕ್ಕ ಹಾಕಿ, ಏಕೆಂದರೆ ಹಗ್ಗ ಪೂರ್ತಿ ಬಿಚ್ಚುವುದೇ ಗಾಡಿ ಆಳವಾಗಿ ಹೂತ ದಿನ. ಎಳೆತ ನೇರವಾಗಿಯೇ ಇರುತ್ತದೆ ಎಂಬ ಭರವಸೆಯೂ ಇಲ್ಲ. ಮರ 30 ಡಿಗ್ರಿ ಪಕ್ಕದಲ್ಲಿದ್ದರೆ ಎಳೆತದ ಅರ್ಧ, ಅಂದರೆ ಸುಮಾರು 800 ಕಿಲೋ, ಅಡ್ಡಡ್ಡಲಾಗಿ ಎಳೆಯುತ್ತದೆ. ಆ ಅಡ್ಡ ಬಲ ಬೀಳುವುದು ಹಗ್ಗ ಹಾದುಬರುವ ಫೇರ್‌ಲೀಡಿನ ಮೇಲೆ. ಹಾಗಾಗಿ ಫೇರ್‌ಲೀಡ್ ಕೂರುವ ಮುಂದಿನ ಅಂಚು ಅಲಂಕಾರದ ತುಂಡಲ್ಲ, ಅದೂ ಭಾರ ಹೊರುವ ಭಾಗವೇ.

ಪ್ಲೇಟು ತನ್ನ ಮೈಯುದ್ದಕ್ಕೆ ಎಳೆದರೆ ಬಹಳ ಗಟ್ಟಿ, ಮೈಗೆ ಅಡ್ಡಲಾಗಿ ಒತ್ತಿದರೆ ಬಹಳ ದುರ್ಬಲ. ವಿಂಚಿನ ಕಾಲು ಕೆಳಮುಖವಾಗಿ ಪ್ಲೇಟಿನ ಮೇಲೆ ಕೂತರೆ ಎಳೆತದ ಬಹುಪಾಲು ಮೈಯುದ್ದಕ್ಕೇ ಹೋಗುತ್ತದೆ, ಅದು ಅನುಕೂಲ. ಆದರೆ ಹಗ್ಗ ಪ್ಲೇಟಿಗಿಂತ ಮೇಲಿದೆ. ಉದಾಹರಣೆಗೆ 50 ಮಿ.ಮೀ. ಮೇಲಿದ್ದು, ಬೋಲ್ಟಿನ ಎರಡು ಸಾಲುಗಳ ನಡುವೆ 75 ಮಿ.ಮೀ. ಅಂತರ ಇದ್ದರೆ, ಹಿಂದಿನ ಸಾಲನ್ನು ಮೇಲಕ್ಕೆ ಕೀಳುವ ಬಲ ಎಳೆತದ ಮೂರನೇ ಎರಡರಷ್ಟಾಗುತ್ತದೆ: ಹತ್ತಿರ ಹತ್ತಿರ 1,060 ಕಿಲೋ, ಬೋಲ್ಟಿಗೆ 530 ಕಿಲೋದಂತೆ. 8.8 ಗುರುತಿನ (ಅದು ಬಲದ ದರ್ಜೆ) ಎಂ8, ಅಂದರೆ 8 ಮಿ.ಮೀ. ದಪ್ಪದ ಬೋಲ್ಟು ಎರಡು ಸಾವಿರ ಕಿಲೋಗೂ ಮೀರಿ ತಾಳುತ್ತದೆ, ಅದಕ್ಕೆ ಏನೂ ಆಗದು. ಪೆಟ್ಟು ತಿನ್ನುವುದು ಬೋಲ್ಟಿನ ತಲೆ ಕೂತ ಪ್ಲೇಟು. ಅದು ಬಟ್ಟಲಿನಂತೆ ಮೇಲೇಳುತ್ತದೆ. ಬೋಲ್ಟನ್ನು ದಪ್ಪ ಮಾಡುವುದರಿಂದ ಪ್ರಯೋಜನವಿಲ್ಲ, ಆ ಜಾಗ ಬಾಗದ ಹಾಗೆ ನೋಡಿಕೊಳ್ಳಬೇಕು.

ಇಲ್ಲಿ ಮಡಿಕೆಯ ಮಾತು ಬರುತ್ತದೆ. 250 ಮಿ.ಮೀ. ಅಗಲದ 5 ಮಿ.ಮೀ. ಚಪ್ಪಟೆ ಪ್ಲೇಟಿನ ಬದಲು 8 ಮಿ.ಮೀ. ಹಾಕಿದರೆ ಬಾಗುವಿಕೆಗೆ ಬಿಗುಪು 4 ಪಟ್ಟು ಆಗುತ್ತದೆ (ದಪ್ಪದ ಘನಕ್ಕೆ ತಕ್ಕಂತೆ ಏರುವುದು), ತೂಕ 60 ಶೇಕಡಾ ಏರುತ್ತದೆ. ಅದರ ಬದಲು ಅದೇ 5 ಮಿ.ಮೀ. ಪ್ಲೇಟಿನ ಎರಡೂ ಪಕ್ಕಗಳಿಗೆ 35 ಮಿ.ಮೀ. ಎತ್ತರದ ಅಂಚು ಕೆಳಕ್ಕೆ ಇಳಿಬಿಟ್ಟರೆ ಬಿಗುಪು 50 ಪಟ್ಟಿಗೂ ಮೀರುತ್ತದೆ, ಮುರಿಯದೆ ತಾಳುವ ಶಕ್ತಿ 4 ಪಟ್ಟು ದಾಟುತ್ತದೆ, ತೂಕ ಏರುವುದು 28 ಶೇಕಡಾ ಮಾತ್ರ. ಒಂದು ಹಾಳೆ ಕಾಗದವನ್ನು ಕೈಯಲ್ಲಿ ಚಾಚಿ ಹಿಡಿದರೆ ಜೋತುಬೀಳುತ್ತದೆ, ಅದನ್ನೇ ದೋಣಿಯಂತೆ ಮಡಿಸಿದರೆ ನೆಟ್ಟಗೆ ನಿಲ್ಲುತ್ತದೆ. ನಿಮ್ಮ 8 ಮಿ.ಮೀ. ಪ್ರಶ್ನೆಗೆ ಉತ್ತರ ಈ ಕಾಗದದಲ್ಲೇ ಇದೆ.

ಹಾಗಾಗಿ ನಾನು ಹೇಳುವ ಆಕಾರ ಇದು: 5 ಮಿ.ಮೀ. ಪ್ಲೇಟು, ಪಕ್ಕದ ಅಂಚುಗಳು ಕೆಳಕ್ಕೆ, ಮುಂದಿನ ಅಂಚು ಫೇರ್‌ಲೀಡಿಗಾಗಿ ಮೇಲಕ್ಕೆ. ಮುಂದಿನ ಅಂಚು ಮತ್ತು ಪ್ಲೇಟು ಕೂಡುವ ಎರಡು ಮೂಲೆಗಳಲ್ಲಿ ತ್ರಿಕೋನದ ಆಸರೆ ತುಂಡು. ಆ ತುಂಡಿನ ಹಿಂದಿನ ತುದಿ ಪ್ಲೇಟಿನ ನಡುಮೈಯಲ್ಲಿ ಚೂಪಾಗಿ ನಿಲ್ಲಬಾರದು. ಕೆಳಗೆ ಅಂಚೋ ಪೈಪೋ ಇರುವ ಜಾಗದ ಮೇಲೆ ಮುಗಿಯಲಿ, ಇಲ್ಲದಿದ್ದರೆ ಆ ತುದಿಯೇ ಉಳಿಯಂತೆ ಪ್ಲೇಟನ್ನು ತಿವಿಯುತ್ತದೆ. ವಿಂಚಿನ ಬೋಲ್ಟುಗಳ ಅಡಿಯಲ್ಲಿ ಬಿಡಿ ವಾಷರುಗಳ ಬದಲು ಎರಡೆರಡು ತೂತಿರುವ 6 ಮಿ.ಮೀ. ಪಟ್ಟಿ ಹಾಕಿ. ವಿಂಚಿನ ತೂತುಗಳ ಅಳತೆಯನ್ನು ಬೇರೆಯವರ ಪಟ್ಟಿಯಿಂದ ತೆಗೆದುಕೊಳ್ಳಬೇಡಿ, ವಿಂಚನ್ನೇ ಮುಂದಿಟ್ಟುಕೊಂಡು ಅಳೆಯಿರಿ. ಒಂದೇ ಎಳೆತದ ವಿಂಚುಗಳಲ್ಲೂ ಡ್ರಮ್ ಅಗಲವಾದರೆ ತೂತುಗಳ ಅಂತರ ಬೇರೆಯಾಗುತ್ತದೆ.

ಚಾಸಿಗೆ ಹಿಡಿಸುವುದು ಹೇಗೆ ಎಂಬಲ್ಲಿ ಅತಿ ಹೆಚ್ಚು ಜನ ಎಡವುತ್ತಾರೆ. ಮುಂದಿನ ಎರಡು ಉದ್ದ ಪೈಪುಗಳಿಗೆ ಯು-ಬೋಲ್ಟು ಹಾಕಿ ಬಿಗಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ವಿಂಚ್ ಎಳೆಯುವುದು ಪೈಪಿನ ಉದ್ದಕ್ಕೇ, ಯು-ಬೋಲ್ಟು ಜಾರುವುದೂ ಅದೇ ದಿಕ್ಕಿಗೆ. ಬಣ್ಣ ಬಳಿದ ಪೈಪಿನ ಮೇಲೆ ಬರೀ ಬಿಗಿತದ ಹಿಡಿತವನ್ನು ನಂಬಬಾರದು. ಪ್ಲೇಟು ಮುಂದಕ್ಕೆ ಹೋಗಲಾಗದಂತೆ ಏನಾದರೂ ತಡೆಯಬೇಕು: ಪ್ಲೇಟಿನ ಹಿಂದಿನ ಭಾಗ ಕೆಳಕ್ಕೆ ಮಡಿದು ಒಂದು ಅಡ್ಡ ಪೈಪಿನ ಹಿಂಬದಿಗೆ ಕೊಕ್ಕೆಯಂತೆ ತಗುಲಿಕೊಳ್ಳಲಿ, ಅಥವಾ ಚಾಸಿಯಲ್ಲಿ ಕಂಪನಿಯೇ ಕೊಟ್ಟಿರುವ ಬೋಲ್ಟು ತೂತುಗಳಿಗೆ ಸೇರಲಿ. ಎಳೆದಷ್ಟೂ ಪ್ಲೇಟು ಚಾಸಿಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಳ್ಳಬೇಕು. ಆಗ ಬೋಲ್ಟುಗಳ ಕೆಲಸ ಅದನ್ನು ಜಾಗದಲ್ಲಿ ಇರಿಸುವುದಷ್ಟೇ.

ಪೈಪಿಗೆ ಹೊಸ ತೂತು ಕೊರೆಯುವುದನ್ನು ಆದಷ್ಟು ತಪ್ಪಿಸಿ. ಕೊರೆಯಲೇಬೇಕಾದರೆ ತೂತಿನೊಳಗೆ ಒಂದು ತೋಳು, ಅಂದರೆ ಬೋಲ್ಟು ಹಾಯುವ ದಪ್ಪ ಗೋಡೆಯ ಚಿಕ್ಕ ಪೈಪು, ಎರಡೂ ಬದಿಗೆ ತಾಗುವಂತೆ ಕೂರಿಸಿ. ಇಲ್ಲದಿದ್ದರೆ ಬಿಗಿದಾಗ ಪೈಪೇ ಅಪ್ಪಚ್ಚಿಯಾಗುತ್ತದೆ, ಅಪ್ಪಚ್ಚಿಯಾದ ಪೈಪಿನ ಮೇಲೆ ಬಿಗಿತ ಎಂದೂ ನಿಲ್ಲುವುದಿಲ್ಲ.

ಮಾದರಿಯನ್ನು ದಪ್ಪ ರಟ್ಟಿನಲ್ಲಿ ಮಾಡಿ. ರಟ್ಟು ಕತ್ತರಿಸಿ, ಮಡಿಸಿ, ಟೇಪು ಅಂಟಿಸಿ ಗಾಡಿಗೆ ಇಟ್ಟು ನೋಡಿ. ಇದಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಮುಂದಿನ ಶಾಕ್ ಅಬ್ಸಾರ್ಬರ್ ಬಿಚ್ಚಿ, ಚಕ್ರವನ್ನು ಕೈಯಿಂದ ಪೂರ್ತಿ ಮೇಲಕ್ಕೆ, ಪೂರ್ತಿ ಕೆಳಕ್ಕೆ ಒಯ್ಯಿರಿ. ಪ್ರತಿ ಸ್ಥಾನದಲ್ಲೂ ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ. ನಿಂತ ಗಾಡಿಯಲ್ಲಿ ಎರಡು ಬೆರಳು ಜಾಗ ಕಂಡರೂ ಗುಂಡಿಗೆ ಬಿದ್ದಾಗ ಟೈ ರಾಡು (ಸ್ಟೀರಿಂಗಿನಿಂದ ಚಕ್ರವನ್ನು ತಿರುಗಿಸುವ ಸರಳು) ಪ್ಲೇಟಿನ ಅಂಚಿಗೆ ಬಡಿಯಬಹುದು. ಬಹಳಷ್ಟು ಯುಟಿವಿಗಳಲ್ಲಿ ರೇಡಿಯೇಟರು ಮುಂದೆಯೇ ಇರುವುದರಿಂದ ಎದ್ದುನಿಂತ ಅಂಚು ಅದರ ಗಾಳಿಗೆ ಅಡ್ಡ ಬರದಂತೆಯೂ ನೋಡಿ.

ರಟ್ಟಿನ ಗೆರೆಯನ್ನು ಪ್ಲೇಟಿಗೆ ಇಳಿಸಿದ ಮೇಲೆ ಮೊದಲು ತೂತು ಕೊರೆಯಿರಿ, ಆಮೇಲೆ ಕತ್ತರಿಸಿ. ದೊಡ್ಡ ತುಂಡನ್ನು ಹಿಡಿದು ಕೊರೆಯುವುದು ಸುಲಭ, ಅಪಾಯವೂ ಕಡಿಮೆ. ಸೆಂಟರ್ ಪಂಚಿನಿಂದ ಗುರುತು ಕುಟ್ಟಿ, ಸಣ್ಣ ಬಿಟ್ಟಿನಿಂದ ಶುರು ಮಾಡಿ, ಕತ್ತರಿಸುವ ಎಣ್ಣೆ ಹಾಕುತ್ತಾ ಹೋಗಿ. ತೂತಿನ ನಡುಬಿಂದುವಿನಿಂದ ಪ್ಲೇಟಿನ ಅಂಚಿಗೆ ಬೋಲ್ಟಿನ ದಪ್ಪದ ಎರಡು ಪಟ್ಟಾದರೂ ಇರಲಿ. ಒಳಮೂಲೆ ಬರುವ ಕಡೆಯೆಲ್ಲ ಮೊದಲು 8 ಅಥವಾ 10 ಮಿ.ಮೀ. ತೂತು ಕೊರೆದು, ಕತ್ತರಿಸುವ ಗೆರೆ ಆ ತೂತಿಗೆ ಬಂದು ನಿಲ್ಲುವಂತೆ ಮಾಡಿ. ಕತ್ತಿಯಂಥ ಒಳಮೂಲೆಯೇ ನಾಳೆಯ ಬಿರುಕಿನ ತಲೆ.

ಗ್ರೈಂಡರಿನ ವಿಷಯದಲ್ಲಿ ಒಂದೇ ಮಾತು: ಗಾರ್ಡ್ ತೆಗೆಯಬೇಡಿ. 125 ಮಿ.ಮೀ. ಡಿಸ್ಕಿನ ಮೇಲೆ ನಿಮಿಷಕ್ಕೆ 12,200 ಸುತ್ತು ಎಂದು ಮಿತಿ ಬರೆದಿರುತ್ತದೆ. ಆ ವೇಗದಲ್ಲಿ ಅದರ ಅಂಚು ಸೆಕೆಂಡಿಗೆ 80 ಮೀಟರ್ ಓಡುತ್ತದೆ. ಒಡೆದ ಚೂರು ಬರುವುದೂ ಅದೇ ವೇಗದಲ್ಲಿ. ತೆಳು ಕಟಿಂಗ್ ಡಿಸ್ಕಿನ ಪಕ್ಕದಿಂದ ಉಜ್ಜಬೇಡಿ. ಕನ್ನಡಕದ ಮೇಲೆ ಮುಖದ ಪರದೆಯೂ ಇರಲಿ.

5 ಮಿ.ಮೀ. ಪ್ಲೇಟನ್ನು ಮನೆಯ ವೈಸಿನಲ್ಲಿ ಉದ್ದಕ್ಕೆ ನೀಟಾಗಿ ಮಡಿಸುವುದು ಆಗದ ಮಾತು. ಎರಡು ದಾರಿ ಇವೆ. ಗೆರೆಯ ಉದ್ದಕ್ಕೆ ಗ್ರೈಂಡರಿನಲ್ಲಿ ಅರ್ಧಕ್ಕೂ ಹೆಚ್ಚು ಆಳಕ್ಕೆ ಕಾಲುವೆಯಂತೆ ತೋಡಿ, ಬಾಗಿಸಿ, ಆ ತೋಡನ್ನು ಬೆಸುಗೆಯಿಂದ ಪೂರ್ತಿ ತುಂಬುವುದು ಒಂದು. ಮಡಿಸುವ ಯಂತ್ರ ಇರುವ ವರ್ಕ್‌ಶಾಪಿಗೆ ನಿಮ್ಮ ರಟ್ಟಿನ ಮಾದರಿ ಕೊಟ್ಟು ಮಡಿಸಿ ತರುವುದು ಇನ್ನೊಂದು. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ಮಡಿಕೆಯಲ್ಲಿ ಬೆಸುಗೆಯೇ ಇಲ್ಲ, ಬೆಸುಗೆ ಇಲ್ಲದ ಕಡೆ ಬೆಸುಗೆಯ ಅಂಚೂ ಇಲ್ಲ. ಮಡಿಕೆಯ ಒಳಬಾಗು ಕನಿಷ್ಠ ಪ್ಲೇಟಿನ ದಪ್ಪದಷ್ಟಾದರೂ ಇರಲಿ ಎಂದು ಹೇಳಿ ಮಾಡಿಸಿ.

ವೆಲ್ಡಿಂಗಿಗೆ ಮೊದಲು ನಿಮ್ಮ ಕೈಯನ್ನೇ ಪರೀಕ್ಷಿಸಿಕೊಳ್ಳಿ. ಅದೇ 5 ಮಿ.ಮೀ.ಯ ಎರಡು ಚೂರುಗಳನ್ನು ಉಲ್ಟಾ ‘ಟಿ’ ಆಕಾರದಲ್ಲಿ ಇಟ್ಟು ಒಂದೇ ಬದಿಗೆ ಬೆಸೆಯಿರಿ. ತಣಿದ ಮೇಲೆ ವೈಸಿಗೆ ಕಚ್ಚಿಸಿ, ಬೆಸೆಯದ ಬದಿಯಿಂದ ಬಿರಿಯುವಂತೆ, ಬೆಸುಗೆಯ ಕಡೆಗೆ ಸುತ್ತಿಗೆಯಲ್ಲಿ ಬಾಗಿಸಿ. ಬೆಸುಗೆ ಪಟ್ಟಿಯಂತೆ ಸುಲಿದು ಬಂದು, ಕೆಳಗೆ ಪ್ಲೇಟಿನ ಹಳೆಯ ಮೈ ಹಾಗೇ ನಯವಾಗಿ ಕಂಡರೆ ಅದು ಕರಗಿ ಬೆರೆತಿಲ್ಲ, ಬರೀ ಮೇಲೆ ಅಂಟಿತ್ತು ಎಂದರ್ಥ. ಕರೆಂಟ್ ಏರಿಸಿ, ವೇಗ ಇಳಿಸಿ, ಮತ್ತೆ ಮಾಡಿ. 3.15 ಮಿ.ಮೀ.ಯ 6013 ರಾಡಿಗೆ 90ರಿಂದ 120 ಆಂಪಿಯರಿನ ನಡುವೆ ನಿಮ್ಮ ಮೆಷಿನ್ನಿಗೆ ಒಗ್ಗುವ ಅಂಕಿ ಸಿಗುತ್ತದೆ. ಸುಲಿಯದೆ, ಹರಿದ ಮೈಯಲ್ಲಿ ಲೋಹದ ಕಾಳು ಕಾಣುವಂತೆ ಮುರಿಯುವವರೆಗೂ ನಿಜವಾದ ಪ್ಲೇಟನ್ನು ಮುಟ್ಟಬೇಡಿ. ಹೊರಗೆ ಅಂದವಾಗಿ ಕಾಣುವ ಬೆಸುಗೆ ಒಳಗೆ ಹಿಡಿದಿರದ ಉದಾಹರಣೆಗಳನ್ನು ನಾನು ಬಹಳ ನೋಡಿದ್ದೇನೆ, ನನ್ನ ಕೈಯವೂ ಅವುಗಳಲ್ಲಿ ಸೇರಿವೆ.

ಬೆಸೆಯುವ ಜಾಗವನ್ನು ಹೊಳೆಯುವ ಲೋಹ ಕಾಣುವ ತನಕ ಉಜ್ಜಿ. ಸತುವಿನ ಲೇಪ ಇದ್ದರೆ ಪೂರ್ತಿ ತೆಗೆಯಿರಿ; ಅದರ ಹೊಗೆ ಕುಡಿದರೆ ಕೆಲವು ಗಂಟೆಗಳಲ್ಲಿ ಚಳಿಜ್ವರ ಬಂದಂತೆ ಮಲಗಿಸುತ್ತದೆ. ಇನ್ನೊಂದನ್ನು ದಯವಿಟ್ಟು ಮರೆಯಬೇಡಿ: ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ಲೋಹವನ್ನು ಎಂದೂ ಬೆಸೆಯಬೇಡಿ. ಆರ್ಕಿನ ಶಾಖಕ್ಕೂ ಬೆಳಕಿಗೂ ಅದು ಒಡೆದು ಫಾಸ್ಜೀನ್ ಎಂಬ ಅನಿಲವಾಗುತ್ತದೆ. ಅದು ಪ್ರಾಣ ತೆಗೆಯುವ ವಿಷ, ತಗುಲಿದ್ದು ಆ ಕ್ಷಣಕ್ಕೆ ಗೊತ್ತಾಗದಿರಬಹುದು.

ಗಾಡಿಯ ಮೇಲೆ ಪೂರ್ತಿ ಬೆಸೆಯುವುದು ಬೇಡ. ತುಂಡುಗಳನ್ನು ಕ್ಲಾಂಪಿನಲ್ಲಿ ಜೋಡಿಸಿ ಗಾಡಿಗೆ ಇಟ್ಟು ನೋಡಿ, ಗುರುತು ಮಾಡಿ, ಕೆಳಗಿಳಿಸಿ ಮೇಜಿನ ಮೇಲೆ ಟ್ಯಾಕ್ (ತುಂಡುಗಳನ್ನು ಜಾಗದಲ್ಲಿ ಹಿಡಿದಿಡುವ ಚುಕ್ಕೆ ಬೆಸುಗೆ) ಹಾಕಿ, ಮತ್ತೆ ಇಟ್ಟು ನೋಡಿ. ಸರಿಬಂದ ಮೇಲೆ ಮೇಜಿನ ಮೇಲೆಯೇ ಪೂರ್ತಿ ಬೆಸುಗೆ. ಅನಿವಾರ್ಯವಾಗಿ ಗಾಡಿಯ ಮೇಲೆಯೇ ಟ್ಯಾಕ್ ಹಾಕಬೇಕಾದರೆ ಬ್ಯಾಟರಿಯ ಎರಡೂ ತಂತಿ ಬಿಚ್ಚಿ, ಎಂಜಿನ್ ಕಂಟ್ರೋಲ್ ಯೂನಿಟ್ಟಿನ ಮತ್ತು ಪವರ್ ಸ್ಟೀರಿಂಗಿನ ಕನೆಕ್ಟರು ಕಳಚಿ, ಅರ್ಥ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಹಿಡಿಸಿ. ಕರೆಂಟ್ ಬೇರಿಂಗುಗಳ ಮೂಲಕ ದಾರಿ ಹುಡುಕಬಾರದು. ಬೆಂಕಿ ಆರಿಸುವ ಸಿಲಿಂಡರು ಕೈಗೆಟುಕುವಂತಿರಲಿ. ಕೆಲಸ ಮುಗಿದ ಮೇಲೂ ಅರ್ಧ ಗಂಟೆಯಾದರೂ ಅಲ್ಲೇ ಇರಿ, ಪ್ಲಾಸ್ಟಿಕ್ಕಿನ ಹಿಂದೆ ಕಿಡಿ ಕೂತು ನಿಧಾನಕ್ಕೆ ಹೊತ್ತಿಕೊಳ್ಳುವುದುಂಟು.

ಒಂದೇ ಉಸಿರಿಗೆ ಉದ್ದ ಬೆಸುಗೆ ಎಳೆದರೆ ಪ್ಲೇಟು ದೋಣಿಯಂತೆ ಸೊಟ್ಟಗಾಗುತ್ತದೆ. 30-40 ಮಿ.ಮೀ.ಯ ತುಂಡು ತುಂಡಾಗಿ, ಎಡಕ್ಕೊಂದು ಬಲಕ್ಕೊಂದು, ನಡುವೆ ತಣಿಯಲು ಬಿಟ್ಟು ಹಾಕಿ. ಕೊನೆಗೆ ತುಂಡುಗಳು ಕೂಡಿಕೊಳ್ಳಲಿ. ತ್ರಿಕೋನದ ತುದಿಯಲ್ಲಿ ಬೆಸುಗೆಯನ್ನು ಅರ್ಧಕ್ಕೆ ನಿಲ್ಲಿಸದೆ ತುದಿಯನ್ನು ಸುತ್ತಿ ಆಚೆ ಬದಿಯಲ್ಲಿ ಮುಗಿಸಿ. ಅತಿ ಹೆಚ್ಚು ಬಾಗುವ ಜಾಗದಲ್ಲಿ ಬಲದ ದಾರಿಗೆ ಅಡ್ಡಲಾಗಿ ಯಾವ ಬೆಸುಗೆಯೂ ಬೇಡ. ಉಬ್ಬನ್ನು ಚೆಂದ ಕಾಣಲೆಂದು ಮಟ್ಟಸ ಉಜ್ಜಿ ತೆಗೆಯಬೇಡಿ, ತೆಗೆದದ್ದು ಬಲವನ್ನೇ. ಅಂಚಿನ ಗೀರುಗಳನ್ನು ಮಾತ್ರ ಫ್ಲ್ಯಾಪ್ ಡಿಸ್ಕಿನಲ್ಲಿ ಹಗುರವಾಗಿ ನಯಗೊಳಿಸಿ.

ಬಣ್ಣಕ್ಕೆ ಮೊದಲು ಬೆಸುಗೆಗಳನ್ನು ಪರೀಕ್ಷಿಸಿ. ಬಿರುಕಿನೊಳಗೆ ಇಳಿದು ಬಣ್ಣದಲ್ಲಿ ಅದನ್ನು ತೋರಿಸುವ ಡೈ ಪೆನೆಟ್ರಂಟ್ ಸ್ಪ್ರೇ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಹಳೆಯ ಕ್ರಮ ಇದೆ: ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಪೂರ್ತಿ ಒರೆಸಿ ಒಣಗಿಸಿ, ಸುಣ್ಣದ ಕಡ್ಡಿಯ ಪುಡಿ ಸವರಿ. ಬಿರುಕಿದ್ದರೆ ಎಣ್ಣೆ ಹೊರಗೆ ಒಸರಿ ಪುಡಿಯ ಮೇಲೆ ಗೆರೆ ಮೂಡುತ್ತದೆ. ಆಮೇಲೆ ಪ್ರೈಮರ್, ಬಣ್ಣ. ಬೋಲ್ಟಿನಡಿ ಬರುವ ಮೈಗಳಲ್ಲಿ ಬಣ್ಣ ತೆಳುವಾಗಿರಲಿ. ದಪ್ಪ ಬಣ್ಣ ದಿನ ಕಳೆದಂತೆ ಹಿಂಡಿಹೋಗಿ ಬೋಲ್ಟು ಸಡಿಲವಾಗುತ್ತದೆ. ನೀರು ನಿಲ್ಲುವ ಮೂಲೆಗೆ ಒಂದು ತೂತು ಬಿಡಿ. 8.8 ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ ಬಿಗಿಯಿರಿ: ಎಂ8ಕ್ಕೆ ಸುಮಾರು 25, ಎಂ10ಕ್ಕೆ ಸುಮಾರು 50 ನ್ಯೂಟನ್ ಮೀಟರ್. ವಿಂಚಿನ ಕಾಲಿಗೆ ಕಂಪನಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಬಿಗಿದ ಮೇಲೆ ಪ್ರತಿ ಬೋಲ್ಟಿನ ತಲೆಯಿಂದ ಪ್ಲೇಟಿನ ಮೇಲಕ್ಕೆ ಬಣ್ಣದ ಪೆನ್ನಿನಿಂದ ಒಂದು ನೇರ ಗೆರೆ ಎಳೆಯಿರಿ.

ಮೊದಲ ಎಳೆತ ಹೂತ ಗಾಡಿಯಿಂದ ಬೇಡ. ಗಾಡಿಯ ಸ್ವಂತ ತೂಕವನ್ನು ಸಣ್ಣ ಇಳಿಜಾರಿನಲ್ಲಿ ಎಳೆಸಿ, ಆಮೇಲೆ ಬ್ರೇಕ್ ಹಿಡಿದು ಸ್ವಲ್ಪ ಸ್ವಲ್ಪವೇ ಭಾರ ಏರಿಸಿ. ಹಗ್ಗದ ಮೇಲೆ ಭಾರದ ಹೊದಿಕೆ ಹಾಕಿ, ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬೇಡಿ. ನಿಲ್ಲಿಸಿ ನೋಡಿ: ಗೆರೆಗಳು ಸರಿದಿವೆಯೇ, ಬೆಸುಗೆಯ ಅಂಚಿನಲ್ಲಿ ಬಣ್ಣ ಕೂದಲೆಳೆಯಷ್ಟು ಸೀಳಿದೆಯೇ, ಚಾಸಿಯ ಪೈಪು ಪ್ಲೇಟಿಗೆ ತಾಗುವ ಕಡೆ ಬಣ್ಣ ಸುಕ್ಕುಗಟ್ಟಿದೆಯೇ. ಮೂರನೆಯದು ಕಂಡರೆ ಬೋಲ್ಟು ಬಿಗಿದು ಸುಮ್ಮನಾಗಬೇಡಿ. ಪೈಪು ಬಾಗುತ್ತಿದೆ, ಬಲವನ್ನು ಇನ್ನೂ ಅಗಲಕ್ಕೆ ಹಂಚಬೇಕು.

ವಿಂಚ್ ಪ್ಲೇಟು ಮನೆಯಲ್ಲಿ ಮಾಡಬಹುದಾದ ಕೆಲಸ. ಸಸ್ಪೆನ್ಷನ್ ತೋಳು, ಸ್ಟೀರಿಂಗಿನ ಭಾಗ, ಬ್ರೇಕಿನ ಬ್ರಾಕೆಟ್, ಸೀಟ್ ಬೆಲ್ಟಿನ ಹಿಡಿಕೆ, ರೋಲ್ ಕೇಜ್, ಇವು ಅಲ್ಲ. ಕೇಜಿಗೆ ತೂತು ಕೊರೆಯುವುದೂ ಬೇಡ, ಏನನ್ನೂ ಬೆಸೆಯುವುದೂ ಬೇಡ. ನಿಮ್ಮ ಹಳೆಯ ಕ್ಲಾಂಪು ಕೂತಿದ್ದ ಜಾಗದಲ್ಲಿ ಪೈಪು ತಗ್ಗಾಗಿದೆಯೇ, ಬಣ್ಣದಡಿ ಬಿರುಕಿದೆಯೇ ಎಂದು ಒಮ್ಮೆ ಒರೆಸಿ ನೋಡಿ. ಅನುಮಾನ ಬಂದರೆ ಆ ಗಾಡಿಯನ್ನು ಒರಟು ದಾರಿಗೆ ಒಯ್ಯುವ ಮೊದಲು ಬಲ್ಲವರಿಗೆ ತೋರಿಸಿ.

ಆ ಕ್ಯಾನಿನ ಬ್ರಾಕೆಟ್ಟನ್ನು ಮತ್ತೆ ಬೆಸೆಯಬೇಡಿ, ಬಿಚ್ಚಿಡಿ. ಹೊಸದನ್ನು 3 ಮಿ.ಮೀ. ಪ್ಲೇಟಿನಲ್ಲಿ ಅಂಚು ಮಡಿಸಿ, ಕ್ಯಾನಿನ ತಳ ಮತ್ತು ನಡು ಎರಡನ್ನೂ ಹಿಡಿಯುವ ತೊಟ್ಟಿಲಿನಂತೆ ಮಾಡಿ. ಅದರ ಎಲ್ಲ ಬೋಲ್ಟುಗಳೂ ತೊಟ್ಟಿಯ ಫ್ರೇಮಿಗೇ ಸೇರಲಿ, ಒಂದೂ ಕೇಜಿನ ಕಡೆ ಹೋಗದಿರಲಿ.